ಗೊತ್ತಾದ್ರೆ ಬರೀಬೇಕಲ್ಲ!

2021ರಲ್ಲಿ ಡಲ್ಲಾಸ್ ಸುತ್ತಮುತ್ತ ಮಾರಾಟದ ಮನೆಯ ದೋಷ ಹುಡುಕಿ ರಿಪೋರ್ಟ್ ಬರೆಯುವ ನಮ್ಮಂಥ ಹೋಮ್ ಇನ್‌ಸ್ಪೆಕ್ಟರುಗಳನ್ನು ಕೇಳುವವರು ಕಡಿಮೆ. ಬಯ್ಯರ್‌ಗಳು ಒಬ್ಬರ ಮೇಲೊಬ್ಬರು ಬಿದ್ದು ಆಫರ್ ಹಾಕುತ್ತಿದ್ದರು. ಮನೆ ಪರೀಕ್ಷೆ ಮಾಡಿಸಿ, ಬೇಡವಾದರೆ ಡೀಲ್ ಬಿಡಲು ಬಯ್ಯರ್‌ಗೆ ಸಿಗುವ ಕೆಲವು ದಿನಗಳ ಆಪ್ಷನ್ ಪೀರಿಯಡ್ಡೇ ಬೇಡ ಅನ್ನುವವರೂ ಇದ್ದರು. 2022ರಲ್ಲಿ ಮನೆಸಾಲದ ಬಡ್ಡಿ ಶೇಕಡಾ 3ರ ಆಸುಪಾಸಿನಿಂದ 7ಕ್ಕೆ ಹತ್ತಿತು. ಲಿಸ್ಟಿಂಗ್‌ಗಳು, ಅಂದರೆ ಮಾರಾಟಕ್ಕಿಟ್ಟ ಮನೆಗಳು, ವಾರಗಟ್ಟಲೆ ಹಾಗೇ ಕೂತವು. ಉಳಿದ ಬಯ್ಯರ್‌ಗಳು ರಿಪೋರ್ಟ್ ಹಿಡಿದು ಚೌಕಾಸಿಗೆ ಇಳಿದರು.

ಆಗ ನಮ್ಮ ಕಂಪನಿ ಓನರ್‌ಗೆ ಹೊಸ ಹುರುಪು ಬಂತು: ಮನೆ ಮಾರಾಟಕ್ಕಿಡುವ ಮೊದಲೇ ಸೆಲ್ಲರ್ ಮಾಡಿಸುವ ಪ್ರೀ-ಲಿಸ್ಟಿಂಗ್ ಇನ್‌ಸ್ಪೆಕ್ಷನ್ ಮಾರೋಣ. ರಾತ್ರೋರಾತ್ರಿ ಫ್ಲೈಯರ್ ತಯಾರಾಯಿತು. ದಪ್ಪ ಅಕ್ಷರದಲ್ಲಿ, "ಲಿಸ್ಟ್ ಮಾಡುವ ಮೊದಲೇ ನಿಮ್ಮ ಮನೆ ಪಾಸಾಗಲಿ!" ಇನ್‌ಸ್ಪೆಕ್ಷನ್‌ನಲ್ಲಿ ಪಾಸು ಫೇಲು ಅಂತ ಇರೋದೇ ಇಲ್ಲ. ಹೇಳಿದೆ. ಮಾರ್ಕೆಟಿಂಗ್‌ಗೆ ಅಷ್ಟು ಸಾಕು ಅಂದರು.

ಮಂಗಳವಾರ ಬೆಳಗ್ಗೆ ಒಂದು ಬ್ರೋಕರೇಜಿನ ಸೇಲ್ಸ್ ಮೀಟಿಂಗ್‌ನಲ್ಲಿ ನನಗೆ ಹತ್ತು ನಿಮಿಷ ಸಿಕ್ಕಿತ್ತು. ಡೋನಟ್ ನಮ್ಮ ಖರ್ಚು. ಏಜೆಂಟ್‌ಗೆ ಕಮಿಷನ್ ಕೊಟ್ಟು ಕೆಲಸ ತರೋದು ಟೆಕ್ಸಾಸ್ ಇನ್‌ಸ್ಪೆಕ್ಟರುಗಳಿಗೆ ನಿಷಿದ್ಧ. ಹಾಗಾಗಿ ಡೋನಟ್ ಮತ್ತು ಬಾಯಿ ಎರಡೇ ಬಂಡವಾಳ. ಸ್ಯಾಂಪಲ್ ಅಂತ ನನಗೆ ಹೆಮ್ಮೆಯಿದ್ದ ಒಂದು ರಿಪೋರ್ಟನ್ನೇ ಒಯ್ದಿದ್ದೆ. ಪ್ಲೇನೋದ ಹಳೇ ಮನೆ, 1970ರ ದಶಕದ್ದು. ಒಂದು ಬಿರುಕನ್ನೂ ಬಿಡದೆ ಬರೆದ ರಿಪೋರ್ಟು.

ಅದನ್ನು ಗೋಡೆಯ ಟಿವಿಗೆ ಹಾಕಿದೆ. ಅಟ್ಟದಲ್ಲಿ ವಾಟರ್ ಹೀಟರ್, ತುಕ್ಕು ಹಿಡಿದ ಡ್ರೈನ್ ಪ್ಯಾನ್, ಅದರ ಪಕ್ಕದಲ್ಲೇ ಇಲಿ ಗೂಡು. ಮುಂದಿನ ಸಾಲಿನವರು ಕೈಯಲ್ಲಿದ್ದ ಡೋನಟ್ ಮೆಲ್ಲಗೆ ಕೆಳಗಿಟ್ಟರು. ಪುಟ ತಿರುಗಿಸಿದಂತೆಲ್ಲ 'ಡಿ' ಕಾಲಮ್ಮಿನಲ್ಲಿ, ಅಂದರೆ ಡಿಫಿಷಿಯೆಂಟ್, ದೋಷವಿದೆ ಅನ್ನುವಲ್ಲಿ, ಟಿಕ್ಕೋ ಟಿಕ್ಕು. ನಾವು ತುಂಬೋದು ಟ್ರೆಕ್, ಅಂದರೆ ಟೆಕ್ಸಾಸ್ ರಿಯಲ್ ಎಸ್ಟೇಟ್ ಕಮಿಷನ್ನಿನ ಫಾರ್ಮು: ಮನೆ ಕಟ್ಟಿದ ಕಾಲಕ್ಕೆ ಕರೆಂಟ್ ಶಾಕ್ ತಪ್ಪಿಸುವ ಜಿಎಫ್‌ಸಿಐ ಬೇಕಿರಲಿಲ್ಲ ಅಂದರೂ ಇವತ್ತು ಇಲ್ಲದಿದ್ದರೆ ಅದು ಡಿಫಿಷಿಯೆಂಟೇ.

ಹಿಂದಿನ ಸಾಲಿನ ಹಿರಿಯ ಏಜೆಂಟ್ ಒಬ್ಬರು ಕೈ ಎತ್ತಿದರು.

"ಇದನ್ನು ನನ್ನ ಸೆಲ್ಲರ್ ಕೈಗೆ ಕೊಟ್ಟರೆ ಅವರೇನು ಮಾಡಬೇಕು?"

"ಆದಷ್ಟು ರಿಪೇರಿ ಮಾಡಿಸಬಹುದು."

"ಆಗದ್ದನ್ನು?"

"ಡಿಸ್‌ಕ್ಲೋಸ್ ಮಾಡಬೇಕು, ಬಯ್ಯರ್‌ಗೆ ಬರೆದು ತಿಳಿಸಬೇಕು."

"ಅಂದರೆ ದುಡ್ಡು ಕೊಟ್ಟು, ತನ್ನ ಮನೆ ಮೇಲೆ ತಾನೇ ದೂರು ಬರೆಸಿಕೊಳ್ಳಬೇಕು."

ಎಲ್ಲರೂ ನಕ್ಕರು. ಬಯ್ಯರ್ ಕಡೆಯ ಇನ್‌ಸ್ಪೆಕ್ಟರ್ ಹೇಗೂ ಕಂಡುಹಿಡಿಯುತ್ತಾರಲ್ವಾ ಅಂತ ಓನರ್ ಹೇಳಿಕೊಟ್ಟಿದ್ದ ಉತ್ತರವನ್ನೇ ಒಪ್ಪಿಸಿದೆ.

"ಹಿಡೀಲಿ. ಆ ರಿಪೋರ್ಟನ್ನು ನನಗೆ ಕಳಿಸಬೇಡಿ ಅಂತ ಬಯ್ಯರ್ ಏಜೆಂಟ್‌ಗೆ ಮೊದಲೇ ಹೇಳಿರ್ತೀನಿ."

ಈ ಸಲ ಯಾರೂ ನಗಲಿಲ್ಲ. ಸುತ್ತ ತಲೆಗಳು ಆಡಿದವು. ಬಯ್ಯರ್ ಪುಕ್ಕಟೆ ಕೊಡೋ ರಿಪೋರ್ಟನ್ನೇ ಓದಲು ಒಪ್ಪದವರಿಗೆ ನಾನು ದುಡ್ಡಿಗೆ ರಿಪೋರ್ಟ್ ಮಾರಲು ಬಂದಿದ್ದೆ! ಅವರು ಸುಮ್ನೆ ಹಠಕ್ಕೆ ಹೇಳುತ್ತಿರಲಿಲ್ಲ. ಇಲ್ಲಿ ರಿಯಲ್ಟರುಗಳು ಬಳಸುವ ಸೆಲ್ಲರ್ಸ್ ಡಿಸ್‌ಕ್ಲೋಷರ್ ಫಾರ್ಮಿನಲ್ಲಿ ಒಂದು ಪ್ರಶ್ನೆ ಇದೆ: ಕಳೆದ 4 ವರ್ಷಗಳಲ್ಲಿ ಲಿಖಿತ ಇನ್‌ಸ್ಪೆಕ್ಷನ್ ರಿಪೋರ್ಟ್ ಏನಾದರೂ ಕೈಸೇರಿದೆಯಾ? ಸೇರಿದ್ದರೆ ಪ್ರತಿ ಲಗತ್ತಿಸಿ. ಒಂದು ಡೀಲ್ ಮುರಿದರೆ ಆ ರಿಪೋರ್ಟು ಮುಂದಿನ ಬಯ್ಯರ್‌ಗೂ ಹೋಗಬೇಕು. ಅದಕ್ಕೇ ಕಣ್ಣು ಮುಚ್ಚಿಕೊಳ್ಳೋದು. ಸರಿ ಅನ್ನಲಾರೆ, ಆದರೆ ಭಯ ಎಲ್ಲಿದೆ ಅಂತ ನನ್ನ ಪಿಚ್‌ಗೆ ಗೊತ್ತೇ ಇರಲಿಲ್ಲ. ಉಳಿದ ನಾಲ್ಕೈದು ನಿಮಿಷ ಏನು ಮಾತಾಡಿದೆನೋ. ಫ್ಲೈಯರ್ ಕಟ್ಟು ವಾಪಸ್ ಕಾರಿಗೆ ಬಂತು.

ಈಗ ಆ 4 ವರ್ಷದ ಪ್ರಶ್ನೆಯನ್ನು ನಾನೇ ಮೊದಲು ಎತ್ತುತ್ತೇನೆ. ಇಲಿ ಗೂಡು ತೋರಿಸೋದಿಲ್ಲ. ಮಾತೆಲ್ಲ ಸಮಯದ ಬಗ್ಗೆ. ಇಲ್ಲಿಯದು ಜೇಡಿಮಣ್ಣು: ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಮೇಲಿರುವ ಸ್ಲ್ಯಾಬ್ ಅಲುಗಾಡುತ್ತದೆ. ಬಾಗಿಲ ಮೂಲೆಯ ಓರೆ ಬಿರುಕು ಆಪ್ಷನ್ ಪೀರಿಯಡ್‌ನಲ್ಲಿ ಹೊರಬಿದ್ದರೆ ಕೈಯಲ್ಲಿರೋದು ಕೆಲವೇ ದಿನ. ಸಿಕ್ಕಿದ ಫೌಂಡೇಷನ್ ಕಂಪನಿ ಹೇಳಿದ್ದೇ ರೇಟು, ಬಯ್ಯರ್ ಕೇಳಿದಷ್ಟು ಕ್ರೆಡಿಟ್ಟು, ಅಂದರೆ ರಿಪೇರಿ ಬಾಬ್ತು ಬಿಟ್ಟುಕೊಡುವ ದುಡ್ಡು. ಫೋಟೋ ತೆಗೆಸುವುದಕ್ಕೆ ತಿಂಗಳ ಮುಂಚೆ ಗೊತ್ತಾದರೆ ಎಂಜಿನಿಯರ್ ಪತ್ರ ತರಿಸಬಹುದು, ಎರಡು ಮೂರು ಬಿಡ್ ಪಡೆಯಬಹುದು, ಅಡಿಪಾಯಕ್ಕೆ ಪಿಯರ್ (ಆಧಾರಗಂಬ) ಹಾಕಿಸಿ, ಪ್ಲಂಬಿಂಗ್ ಟೆಸ್ಟ್ ಮಾಡಿಸಿ, ವಾರಂಟಿಯನ್ನೂ ಸೇರಿಸಿ ಕೊಡಬಹುದು. ರಿಪೋರ್ಟಿನ ಜೊತೆ ರಿಪೇರಿ ಬಿಲ್ ಇದ್ದರೆ ಅದು ದೂರಿನ ಪಟ್ಟಿ ಅಲ್ಲ. ಇಷ್ಟು ಹೇಳಿದರೆ ಏಜೆಂಟುಗಳು ಕೊನೇಪಕ್ಷ ಮುಂದಿನ ಪ್ರಶ್ನೆ ಕೇಳುತ್ತಾರೆ.

ಐದು ವರ್ಷದ ಹೊಸ ಮನೆಗೆ ಬೇಡ ಅಂತ ನಾನೇ ಹೇಳಿಬಿಡುತ್ತೇನೆ. ಓನರ್‌ಗೆ ಇದು ಹಿಡಿಸಿಲ್ಲ. ಆದರೆ ಫೋನ್ ಬರೋದು ಎಲ್ಲಿಂದ ಅಂತ ನೋಡಿ: ಅಪ್ಪ-ಅಮ್ಮನ ಮನೆ ಮಾರುತ್ತಿರುವ ಬೇರೆ ಊರಿನ ಮಕ್ಕಳು, ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದ ವಯಸ್ಸಾದ ದಂಪತಿ, ಒಂದು ಸಲ ಡೀಲ್ ಮುರಿದು 'ಬ್ಯಾಕ್ ಆನ್ ಮಾರ್ಕೆಟ್' ಅನ್ನಿಸಿಕೊಂಡು ಸುಟ್ಟುಕೊಂಡವರು.

ನಮ್ಮ ಕನ್ನಡದವರದ್ದು ಇನ್ನೊಂದು ಕಥೆ. ಫ್ರಿಸ್ಕೋದಲ್ಲಿ ಒಬ್ಬ ಕನ್ನಡದ ಹಿರಿಯರು ಕಾಫಿ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡರು.

"ನೋಡಪ್ಪ, ನೀನು ನಮ್ಮ ಕಡೆಯವನು. ಎಲ್ಲಾ ನೋಡು, ಬಾಯಲ್ಲಿ ಹೇಳು ಸಾಕು. ಬರೆಯೋದು ಗಿರೆಯೋದು ಬೇಡ."

"ಅಂಕಲ್, ಫಾರ್ಮ್ ಕೇಳೋದು ನಿಮಗೆ ಏನು ಗೊತ್ತು ಅಂತ. ಬಾಯಲ್ಲಿ ಹೇಳಿದ್ರೂ ಗೊತ್ತಾದ ಹಾಗೇ ಅಲ್ವಾ?"

ಅವರು ಹೆಂಡತಿಯ ಮುಖ ನೋಡಿದರು. "ಹಾಗಾದ್ರೆ ಬೇಡ ಬಿಡ್ರಿ" ಅಂದರು ಆಂಟಿ. ಕಾಫಿ ಚೆನ್ನಾಗಿತ್ತು.

ರಿಪೋರ್ಟ್ ಬರೆಯುವ ಸಾಫ್ಟ್‌ವೇರ್‌ನದ್ದು ಬೇರೆ ಗೋಳು. ಪ್ರೀ-ಲಿಸ್ಟಿಂಗ್‌ಗೆ ಪ್ರತ್ಯೇಕ ಟೆಂಪ್ಲೇಟ್ ಮಾಡಿಕೊಡಿ ಅಂತ ಬೇಡಿಕೊಂಡದ್ದೇ ಬಂತು. ಈಗಲೂ ಸೆಲ್ಲರ್‌ಗೆ ಹೋಗುವ ರಿಪೋರ್ಟಿನಲ್ಲಿ, "ಬಯ್ಯರ್ ಕ್ಲೋಸಿಂಗ್‌ಗೆ ಮುನ್ನ ತಜ್ಞರಿಂದ ಪರೀಕ್ಷೆ ಮಾಡಿಸಬೇಕು" ಅಂತ ತಾನೇ ಅಚ್ಚಾಗುತ್ತದೆ. ಒಂದೊಂದನ್ನೂ ಹುಡುಕಿ ಕೈಯಾರೆ ಬದಲಾಯಿಸಬೇಕು. ಒಂದು ಉಳಿದರೂ ಸೆಲ್ಲರ್ ಫೋನ್ ಮಾಡಿ ಕೇಳುತ್ತಾರೆ, ನೀವು ಯಾರ ಕಡೆಯವರು ಅಂತ.