ಹಿನ್ನೀರಿನ ಮೋಟಾರು: ಮಳೆ ಹಿಡಿಯುವ ಮುಂಚೆ ಬಿಚ್ಚಿ ನೋಡಬೇಕಾದ್ದು

ಶರಾವತಿ ಸಮುದ್ರ ಸೇರುವ ಹೊನ್ನಾವರದ ಕಡೆ ದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಮೋಟಾರನ್ನು ತಿನ್ನುವುದು ಉಪ್ಪು. ಅದೇ ಶರಾವತಿಯ ಮೇಲ್ಭಾಗದಲ್ಲಿ, ತುಮರಿ, ಹೊಳೆಬಾಗಿಲು ಕಡೆಯ ಹಿನ್ನೀರಿನಲ್ಲಿ ಉಪ್ಪಿನ ಕಾಟವಿಲ್ಲ. ಇಲ್ಲಿ ಮೋಟಾರು ಕೆಡಿಸುವವು ಮೂರು: 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದ ಮೇಲೆ ಮುಳುಗಿದ ಕಾಡಿನ ಬೊಡ್ಡೆಗಳು, ಬೇಸಿಗೆಯ ಕೆಸರು, ಮತ್ತು ಮಳೆಗಾಲ ಪೂರ್ತಿ ಟ್ಯಾಂಕಿನಲ್ಲೇ ಕೂತ ಪೆಟ್ರೋಲು. ಮೂರನೆಯದು ನಮ್ಮದೇ ಸೋಮಾರಿತನ.

ಬೊಡ್ಡೆಯಿಂದ ಶುರುಮಾಡೋಣ. ಏಪ್ರಿಲ್-ಮೇ ಹೊತ್ತಿಗೆ ನೀರು ಇಳಿದಾಗ ಕಾಣುವ ಬೊಡ್ಡೆಗಿಂತ ಒಂದು ಅಡಿ ನೀರಿನಡಿ ಅಡಗಿರುವ ಬೊಡ್ಡೆ ಅಪಾಯ. ಮುಂದಕ್ಕೆ ಹೋಗುವಾಗ ಮೋಟಾರು ಮೇಲಕ್ಕೆ ಎಗರುವಂತೆ ಟಿಲ್ಟ್ ಲಾಕ್ ಬಿಟ್ಟಿರಬೇಕು. ಲಾಕ್ ಬೇಕಾಗುವುದು ರಿವರ್ಸ್‌ಗೆ ಮಾತ್ರ. ಸಣ್ಣ ಮೋಟಾರುಗಳಲ್ಲಿ ಪ್ರೊಪೆಲ್ಲರ್ ನಿಂತಿರುವುದು ಶಿಯರ್ ಪಿನ್ ಎಂಬ ಮೆದು ಲೋಹದ ಕಡ್ಡಿಯ ಮೇಲೆ. ಏಟು ಬಿದ್ದರೆ ಮೊದಲು ಅದು ತುಂಡಾಗಬೇಕು, ಇರುವುದೇ ಅದಕ್ಕೆ. ಎಂಜಿನ್ ಕಿರುಚುತ್ತದೆ, ದೋಣಿ ಕದಲುವುದಿಲ್ಲ ಅಂದರೆ ಪಿನ್ ಹೋಗಿದೆ ಅಂತಲೇ ತಿಳಿಯಿರಿ. ಆ ಜಾಗಕ್ಕೆ ಮೊಳೆ ಬಡಿಯುವವರಿದ್ದಾರೆ. ಮೊಳೆ ಗಟ್ಟಿಯಾಗಿದ್ದರೆ ಮುಂದಿನ ಏಟಿಗೆ ಗೇರಿನ ಹಲ್ಲು ಹಾರುತ್ತದೆ. ಮೆದುವಾಗಿದ್ದರೆ ತೂತಿನೊಳಗೇ ಬಾಗಿ, ಹೊರಗೆ ಬರದೆ ಕೂರುತ್ತದೆ. ಮೂರು ಪಿನ್, ಮೂರು ಕಾಟರ್ ಪಿನ್ (ಪ್ರೊಪೆಲ್ಲರ್ ಕಳಚದಂತೆ ತೂರಿಸಿ ಬಗ್ಗಿಸುವ ಪಿನ್), ಒಂದು ಇಕ್ಕಳ, ಪ್ಲಗ್ ಸ್ಪ್ಯಾನರ್, ಇಷ್ಟು ಒಂದು ಡಬ್ಬದಲ್ಲಿ ದೋಣಿಯಲ್ಲೇ ಇರಲಿ. ದೊಡ್ಡ ಮೋಟಾರಿನಲ್ಲಿ ಪಿನ್ ಇಲ್ಲ, ಪ್ರೊಪೆಲ್ಲರ್ ಒಳಗಿನ ರಬ್ಬರ್ ಹಬ್ ಜಾರುತ್ತದೆ. ಹಬ್ಬಿನಿಂದ ಪ್ರೊಪೆಲ್ಲರ್‌ವರೆಗೆ ಪೇಂಟಿನಲ್ಲಿ ಒಂದು ನೇರ ಗೆರೆ ಎಳೆದಿಡಿ. ಓಡಿಸಿದ ಮೇಲೆ ಗೆರೆ ತುಂಡಾಗಿ ಕಂಡರೆ ಹಬ್ ಜಾರಿದೆ.

ಪ್ರೊಪೆಲ್ಲರ್ ಬಿಚ್ಚಿದಾಗ ಶಾಫ್ಟಿನ ಬುಡ ನೋಡುವುದನ್ನು ಮರೆಯಬೇಡಿ. ಬಲೆಯ ನೈಲಾನ್ ನೂಲು ಅಲ್ಲಿ ಸುತ್ತಿಕೊಂಡು ಆಯಿಲ್ ಸೀಲನ್ನು ಕುಯ್ಯುತ್ತದೆ. ಸೀಲು ಹೋಗಿದೆಯೋ ಇಲ್ಲವೋ ಎಂದು ಗೇರ್ ಆಯಿಲ್ಲೇ ಹೇಳುತ್ತದೆ: ಕೆಳಗಿನ ಸ್ಕ್ರೂ ಬಿಚ್ಚಿದಾಗ ಹಾಲು ಬೆರೆಸಿದ ಕಾಫಿಯಂತೆ ಬಂದರೆ ಒಳಗೆ ನೀರು ಸೇರಿದೆ. ಸ್ಕ್ರೂ ತುದಿಯಲ್ಲಿ ಬೂದಿಯಂಥ ಲೋಹದ ಪುಡಿ ಇದ್ದರೆ ಚಿಂತೆಯಿಲ್ಲ, ಚೂರುಗಳಿದ್ದರೆ ಗೇರು ಬಿಚ್ಚಿಸಲೇಬೇಕು. ಹೊಸ ಆಯಿಲ್ಲನ್ನು (ಸಾಮಾನ್ಯವಾಗಿ 90 ನಂಬರಿನ ಮೆರೈನ್ ಗೇರ್ ಆಯಿಲ್) ಕೆಳಗಿನ ತೂತಿನಿಂದ ಒತ್ತಿ, ಮೇಲಿನ ತೂತಿನಲ್ಲಿ ಗುಳ್ಳೆಯಿಲ್ಲದೆ ಹರಿಯುವ ತನಕ ತುಂಬಿ. ಮೊದಲು ಮೇಲಿನ ಸ್ಕ್ರೂ, ಆಮೇಲೆ ಕೆಳಗಿನದು. ಮೇಲಿನಿಂದ ಸುರಿದರೆ ಒಳಗೆ ಗಾಳಿ ಉಳಿದು ಆಯಿಲ್ ಅರ್ಧವೇ ಆಗಿರುತ್ತದೆ. ವಾಷರ್ ಪ್ರತಿಸಲ ಹೊಸದು ಹಾಕಿ, ಹತ್ತು ರೂಪಾಯಿಗೆ ಚೌಕಾಸಿ ಬೇಡ.

ಇನ್ನು ಎಂಜಿನ್ ತಣಿಸುವ ನೀರಿನ ಪಂಪು. ಮೋಟಾರಿನ ಹಿಂದೆ ಚಿಕ್ಕ ಮಕ್ಕಳು ಉಚ್ಚೆ ಹೊಯ್ದಂತೆ ನೀರಿನ ಎಳೆ ಬರುತ್ತಿರಬೇಕು. ಅದು ಸಣ್ಣಗಾದರೆ ಅಥವಾ ನಿಂತರೆ ಎಂಜಿನ್ ತಕ್ಷಣ ಆರಿಸಿ. ಮೊದಲು ಆ ತೂತಿಗೇ ದಪ್ಪ ಗಾಳದ ನೂಲಿನ ತುಂಡು ತೂರಿಸಿ ನೋಡಿ. ಮಲೆನಾಡಿನಲ್ಲಿ ಎಷ್ಟೋ ಸಲ ತಪ್ಪು ಪಂಪಿನದ್ದಲ್ಲ, ಒಳಗೆ ಮಣ್ಣಿನ ಗೂಡು ಕಟ್ಟಿದ ಕಣಜದ್ದು. ಅದಲ್ಲದಿದ್ದರೆ ನೀರು ತಳ್ಳುವ ರೆಕ್ಕೆಗಳ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್, ಸವೆದಿದೆ. ಬೇಸಿಗೆಯ ಕೆಸರು ನೀರು ಅದನ್ನು ಮರಳು ಕಾಗದದಂತೆ ಉಜ್ಜುತ್ತದೆ, ನೀರಿಲ್ಲದೆ ಓಡಿಸಿದರಂತೂ ಅರೆಗಳಿಗೆಯಲ್ಲಿ ಸುಟ್ಟುಹೋಗುತ್ತದೆ. ವರ್ಷಕ್ಕೊಮ್ಮೆ ಬದಲಿಸುವುದು ಲೇಸು.

ಪಂಪು ಬಿಚ್ಚುವ ಮುಂಚೆ ಪ್ಲಗ್ ವೈರು ಕೀಳಿ. ಲೋವರ್ ಯೂನಿಟ್ಟಿನ (ಗೇರು, ಪ್ರೊಪೆಲ್ಲರ್ ಇರುವ ಕೆಳಭಾಗ) ಬೋಲ್ಟು ಕಚ್ಚಿಕೊಂಡಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಅಲ್ಯೂಮಿನಿಯಂ ಒಳಗೆ ಬೋಲ್ಟು ಮುರಿದರೆ ಆಮೇಲೆ ಲೇತಿನವನ ಕೆಲಸ. ಗೇರ್ ರಾಡ್ ತಪ್ಪಿಸಿ ಕೆಳಕ್ಕೆ ಎಳೆಯಿರಿ. ಯಾವ ಗೇರಿನಲ್ಲಿ ಬಿಚ್ಚಿದಿರೋ ಅದೇ ಗೇರಿನಲ್ಲಿ ಕೂರಿಸಬೇಕು. ಹಳೆಯ ಇಂಪೆಲ್ಲರ್‌ನ ರೆಕ್ಕೆ ಮುರಿದಿದ್ದರೆ ಆ ತುಂಡು ಸಿಗುವವರೆಗೆ ಹುಡುಕಿ, ಇಲ್ಲದಿದ್ದರೆ ಅದು ಮೇಲಿನ ಕೊಳವೆಯಲ್ಲಿ ಸಿಕ್ಕಿ ಹೊಸ ಪಂಪಿದ್ದರೂ ಎಂಜಿನ್ ಕಾಯುತ್ತದೆ. ಇಂಪೆಲ್ಲರನ್ನು ಶಾಫ್ಟಿಗೆ ಹಿಡಿಸುವ ಸಣ್ಣ ಕೀ ಬೀಳದಂತೆ ಗ್ರೀಸ್ ಹಚ್ಚಿ ಕೂರಿಸಿ, ಇಂಪೆಲ್ಲರ್‌ಗೆ ಸಾಬೂನು ನೀರು ಸವರಿ, ಮೇಲಿನಿಂದ ನೋಡಿದಂತೆ ಶಾಫ್ಟನ್ನು ಗಡಿಯಾರದ ದಿಕ್ಕಿಗೆ ತಿರುಗಿಸುತ್ತ ಪಂಪಿನ ಕಪ್ಪನ್ನು (ಇಂಪೆಲ್ಲರ್ ಕೂರುವ ಬಟ್ಟಲು) ಒತ್ತಿದರೆ ರೆಕ್ಕೆಗಳು ಸರಿಯಾದ ಕಡೆ ಬಾಗುತ್ತವೆ. ಶಾಫ್ಟಿನ ಹಲ್ಲುಗಳಿಗೆ ಮೆರೈನ್ ಗ್ರೀಸ್ ಹಚ್ಚಿ, ತೀರ ತುದಿಗೆ ಬೇಡ. ಅಲ್ಲಿ ಗ್ರೀಸ್ ತುಂಬಿಕೊಂಡರೆ ಶಾಫ್ಟು ಪೂರ್ತಿ ಒಳಗೆ ಕೂರುವುದಿಲ್ಲ.

ಟೂ ಸ್ಟ್ರೋಕ್ ಎಂಜಿನ್ನಿಗೆ ಬಹುತೇಕ ಮೋಟಾರುಗಳಲ್ಲಿ 50ಕ್ಕೆ 1, ಅಂದರೆ ಲೀಟರ್ ಪೆಟ್ರೋಲಿಗೆ 20 ಮಿಲಿ ಆಯಿಲ್ ಬೆರೆಸಬೇಕು. ಕೆಲವು ಹಳೆಯವಕ್ಕೆ 25ಕ್ಕೆ 1. ಮೋಟಾರಿನ ಪುಸ್ತಕ ನೋಡಿ. ತೋಟದ ಕಳೆ ಹೊಡೆಯುವ ಮಿಷನ್ನಿಗೆ ತಂದ ಆಯಿಲ್ಲೇ ಸಾಕು ಅನ್ನುವುದು ಇಲ್ಲಿನ ರೂಢಿ. ಸಾಲದು. ಆ ಆಯಿಲ್ ಗಾಳಿಯಿಂದ ತಣಿಯುವ ಬಿಸಿ ಎಂಜಿನ್ನಿಗೆ. ನೀರಿನಿಂದ ತಣಿಯುವ ಎಂಜಿನ್ನಿಗೆ ಬೂದಿ ಬಿಡದ, ಡಬ್ಬದ ಮೇಲೆ ಟಿಸಿ-ಡಬ್ಲ್ಯು3 ಎಂದು ಬರೆದಿರುವ ಆಯಿಲ್ ಬೇಕು.

ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ಗಾಳಿಯ ತೇವ ಹೀರುತ್ತದೆ. ನಮ್ಮ ಜುಲೈನ ತೇವಕ್ಕೆ ಕೇಳಬೇಕೇ? ನೀರು ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಬೇರ್ಪಟ್ಟು ತಳಕ್ಕಿಳಿಯುತ್ತವೆ, ಎಂಜಿನ್ನಿಗೆ ಮೊದಲು ಹೋಗುವುದೂ ಆ ತಳದ್ದೇ. ಹಾಗಾಗಿ ಮೇ ಕೊನೆಗೆ ಟ್ಯಾಂಕು ಖಾಲಿ ಮಾಡಿ. ಲೋವರ್ ಯೂನಿಟ್ ಮುಳುಗುವಷ್ಟು ನೀರಿನ ಡ್ರಮ್ಮಿನಲ್ಲಿ ಪ್ರೊಪೆಲ್ಲರ್ ತೆಗೆದು ನ್ಯೂಟ್ರಲ್‌ನಲ್ಲಿ ಹತ್ತು ನಿಮಿಷ ಓಡಿಸಿ, ಕೆಸರು ತೊಳೆಯುತ್ತದೆ. ಆಮೇಲೆ ಪೆಟ್ರೋಲ್ ಪೈಪ್ ಕಳಚಿ ತಾನಾಗಿ ಆರುವವರೆಗೆ ಬಿಡಿ. ಆರಿದರೂ ಕಾರ್ಬೊರೇಟರ್ ಬಟ್ಟಲಲ್ಲಿ ಸ್ವಲ್ಪ ಉಳಿದಿರುತ್ತದೆ. ತಳದ ಸ್ಕ್ರೂ ಬಿಚ್ಚಿ ಅದನ್ನೂ ಇಳಿಸಿ. ಮುಂದಿನ ವರ್ಷ ಚೋಕ್ ಎಳೆದರೆ ಮಾತ್ರ ಓಡುವ, ಸ್ಲೋದಲ್ಲಿ ನಿಲ್ಲದ ಎಂಜಿನ್ನುಗಳ ಕಥೆಯೆಲ್ಲ ಈ ಎರಡು ಚಮಚ ಪೆಟ್ರೋಲಿನದ್ದು: ಒಣಗಿ ಅಂಟಾಗಿ ಪೈಲಟ್ ಜೆಟ್ (ಸ್ಲೋದಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತು) ಕಟ್ಟಿರುತ್ತದೆ.

ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು, ಹಗ್ಗವನ್ನು ನಾಲ್ಕೈದು ಸಲ ನಿಧಾನ ಎಳೆಯಿರಿ. ನೀರೆಲ್ಲ ಬಸಿಯುವಂತೆ ಮೋಟಾರನ್ನು ನೆಟ್ಟಗೆ ನಿಲ್ಲಿಸಿಡಬೇಕು.

ಎಲ್ಲಿಡುವುದು ಎನ್ನುವುದೂ ಮುಖ್ಯ. ಅಡಿಕೆಗೆ ಔಷಧಿ ಹೊಡೆಯುವ ಕಾಲವೂ ಅದೇ ಆದ್ದರಿಂದ ಮೋಟಾರು, ಮೈಲುತುತ್ತದ ಬ್ಯಾರಲ್, ಪಂಪು ಎಲ್ಲ ಒಂದೇ ಕೊಟ್ಟಿಗೆ ಸೇರುತ್ತವೆ. ಮೈಲುತುತ್ತದ ತಾಮ್ರ ಅಲ್ಯೂಮಿನಿಯಂ ಮೇಲೆ ಕೂತರೆ ಅಲ್ಲೇ ಕೊರೆದು ಗುಳಿ ಮಾಡುತ್ತದೆ. ಬಣ್ಣ ಹಾರಿದ ಜಾಗಕ್ಕೆ ನಾಲ್ಕು ಹನಿ ಸಿಡಿದರೂ ಸಾಕು. ಬಚ್ಚಲ ಒಲೆಯ ಹತ್ತಿರ ಬೆಚ್ಚಗಿರುತ್ತದೆಂದು ಪೆಟ್ರೋಲ್ ಕ್ಯಾನನ್ನೂ ಜೊತೆಗಿಡುವವರಿಗೆ ಏನು ಹೇಳುವುದು!

ಮಳೆ ಕಳೆದು ಮೊದಲ ಸಲ ನೀರಿಗಿಳಿಸಿದಾಗ ಎರಡು ನಿಮಿಷ ಓಡಿ ಆರಿಹೋದರೆ ಕಾರ್ಬೊರೇಟರಿಗೆ ಕೈ ಹಾಕಬೇಡಿ. ಪೆಟ್ರೋಲ್ ಪೈಪಿನ ನಡುವಿನ ರಬ್ಬರ್ ಗುಂಡು, ಅಂದರೆ ಪ್ರೈಮರ್ ಬಲ್ಬ್, ಚಪ್ಪಟೆಯಾಗಿದೆಯೇ ನೋಡಿ. ಆಗಿದ್ದರೆ ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ ಬಿಚ್ಚಲು ಮರೆತಿದ್ದೀರಿ.