ಹತ್ತಕ್ಕೆ ಹತ್ತು ಸರಿ, ಆದರೂ ಹಿಂದೆ

ಕಹೂಟ್ ಎಂದರೆ ಪರದೆ ಮೇಲಿನ ಪ್ರಶ್ನೆಗೆ ಮಕ್ಕಳು ಫೋನಿನಲ್ಲಿ ಬಣ್ಣ ಒತ್ತಿ ಉತ್ತರಿಸುವ ಕ್ವಿಜ್ ಆ್ಯಪ್. ಕ್ವಿಜ್ ಮುಗಿದಾಗ ಪರದೆ ಮೇಲೆ ಬರುವುದು ಮೊದಲ ಮೂವರ ಹೆಸರು. ಬಹಳಷ್ಟು ಕ್ಲಾಸುಗಳಲ್ಲಿ ಸಾಮಾನ್ಯವಾಗಿ ಅವೇ ಮೂರು ಹೆಸರು. ಪಾಠ ಅವರಿಗೇ ಚೆನ್ನಾಗಿ ಬರುತ್ತದೆ ಅಂದುಕೊಳ್ಳುವ ಮೊದಲು ಅಂಕದ ಲೆಕ್ಕ ನೋಡಿ.

ಒಂದು ಸರಿಯುತ್ತರಕ್ಕೆ ಹೆಚ್ಚೆಂದರೆ 1000. ಅದರಲ್ಲಿ ಅರ್ಧ ವೇಗಕ್ಕೆ. ಕೊನೇ ಗಳಿಗೆಯಲ್ಲಿ ಒತ್ತಿದರೆ ಸಿಗುವುದು 500. ಟೈಮರ್ 20 ಸೆಕೆಂಡ್ ಇದ್ದಾಗ 2ನೇ ಸೆಕೆಂಡಿಗೆ ಒತ್ತಿದ ದುಡುಕು ಹುಡುಗನಿಗೆ 950. ನಾಲ್ಕೂ ಆಯ್ಕೆ ಓದಿ 14ನೇ ಸೆಕೆಂಡಿಗೆ ಒತ್ತಿದ ಹುಡುಗಿಗೆ 650. ಹತ್ತು ಪ್ರಶ್ನೆಗೆ ಹತ್ತೂ ಸರಿ ಮಾಡಿದ ಅವಳದು 6500. ಮೂರು ತಪ್ಪಿದ ಅವನದು 6650! ಇಲ್ಲಿ ಅಳೆದದ್ದು ಸ್ವಭಾವವನ್ನು, ಕಲಿಕೆಯನ್ನಲ್ಲ.

ಟೈಮರನ್ನು 60 ಸೆಕೆಂಡಿಗೆ ಏರಿಸಿ ನೋಡಿ. ಅದೇ ಹುಡುಗಿಗೆ 8830, ಅವನಿಗೆ ಸುಮಾರು 6880. ಎಲ್ಲರೂ ಒತ್ತಿದ ಕೂಡಲೇ ಪ್ರಶ್ನೆ ತಾನೇ ಮುಗಿಯುವುದರಿಂದ ಪೀರಿಯಡ್ಡೇನೂ ಹಾಳಾಗದು. ಚುರುಕಿನವರು 'ಬೋರು' ಎಂದು ಗೊಣಗುತ್ತಾರೆ, ಗೊಣಗಲಿ. ಪರೀಕ್ಷೆಗೆ ಮುಂಚಿನ ರಿವಿಷನ್‌ನಲ್ಲಿ ಅವರಿಗೆ ಮತ್ತೆ 20 ಇಟ್ಟರಾಯಿತು. ಹೊಸ ಪಾಠಕ್ಕೆ ಮಾತ್ರ ಅಂಕವೇ ಇಲ್ಲದ ಆಯ್ಕೆ ಒಳ್ಳೆಯದು.

ಅಳುಕಿನ ಮಕ್ಕಳ ಕಥೆ ಬೇರೆ. ಪ್ರತಿ ಪ್ರಶ್ನೆಯ ನಂತರ ಕೈಯಲ್ಲಿರುವ ಫೋನು 'ನೀನು ಇಷ್ಟನೆಯವನು' ಎನ್ನುತ್ತದೆ. ನಾಲ್ಕೈದು ಪ್ರಶ್ನೆಗೆ ಆಸೆ ಬತ್ತಿ, ಕಣ್ಣಿಗೆ ಬಿದ್ದ ಬಣ್ಣ ಒತ್ತಿಬಿಡುತ್ತಾರೆ. ಆಮೇಲೆ ರಿಪೋರ್ಟ್ ಇಳಿಸಿಕೊಂಡು ಉತ್ತರಕ್ಕೆ ಹಿಡಿದ ಸಮಯ ನೋಡಿ. ಕೊನೆಯ ಪ್ರಶ್ನೆಗಳಲ್ಲಿ ಸಾಲಾಗಿ ತಪ್ಪು, ಅದೂ ಒಂದೆರಡು ಸೆಕೆಂಡಿನಲ್ಲಿ ಎಂದಾದರೆ, ಅದು ಬಹುಪಾಲು ಗೊತ್ತಿಲ್ಲದ್ದಲ್ಲ, ಕೈಬಿಟ್ಟದ್ದು. ನಿಜ ಹೆಸರಿನ ಬದಲು ಅಡ್ಡಹೆಸರನ್ನು ಆ್ಯಪೇ ಕೊಡುವಂತೆ ಮಾಡಿದರೆ ಸೋತವರು ಯಾರೆಂದು ಕ್ಲಾಸಿಗೆ ಗೊತ್ತಾಗದು, ಅಳುಕು ಸ್ವಲ್ಪ ಇಳಿಯುತ್ತದೆ.

ತಾವಾಗಿಯೇ ಆಸಕ್ತಿ ಇರುವವರಿಗೆ ಬ್ಯಾಡ್ಜ್ ಆಸೆ ತೋರಿಸಲೇಬೇಡಿ. 1973ರಲ್ಲಿ ಮನೋವಿಜ್ಞಾನಿಗಳಾದ ಲೆಪರ್, ಗ್ರೀನ್, ನಿಸ್ಬೆಟ್ ನಡೆಸಿದ ಪ್ರಯೋಗದಲ್ಲಿ, ಚಿತ್ರ ಬಿಡಿಸುವುದೆಂದರೆ ಇಷ್ಟವಿದ್ದ ನರ್ಸರಿ ಮಕ್ಕಳಿಗೆ ಬಹುಮಾನ ಕೊಡುತ್ತೇವೆಂದು ಮೊದಲೇ ಹೇಳಿದ್ದರು. ಆಮೇಲೆ ಅವರು ಚಿತ್ರಕ್ಕೆ ಕೊಟ್ಟ ಸಮಯ, ಬಹುಮಾನವಿಲ್ಲದ ಮಕ್ಕಳು ಕೊಟ್ಟದ್ದರ ಸುಮಾರು ಅರ್ಧ. ಹೇಳದೇ ಕೊಟ್ಟ ಬಹುಮಾನ ಹಾಗೆ ಕೆಡಿಸಲಿಲ್ಲ.

ಜೊತೆಗಾರರಿದ್ದರೆ ಅರಳುವವರಿಗೆ ಟೀಮ್ ಮೋಡ್ ಸರಿ. ಆದರೆ ಐದಾರು ಜನ ಸೇರಿದರೆ ಇಬ್ಬರು ಆಡುತ್ತಾರೆ, ಉಳಿದವರು ಕಿಟಕಿ ನೋಡುತ್ತಾರೆ. ಮೂವರು ಸಾಕು; ಫೋನು ಪ್ರತಿ ಪ್ರಶ್ನೆಗೂ ಕೈ ಬದಲಾಗಬೇಕು, ಉತ್ತರ ಯಾರೇ ಹೇಳಲಿ, ಒತ್ತುವುದು ಫೋನು ಹಿಡಿದವರೇ.