ನಳಿಗೆ ಬದಲಾದ ತುರ್ಕಿ ಮೌಸರ್ ಅಸಲಿಯೇ?

ಅಮೆರಿಕದಲ್ಲಿ ಹಳೆಯ ಸೇನಾ ಬಂದೂಕುಗಳನ್ನು ಕೂಡಿಡುತ್ತಾ ಬಂದಿರುವ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಇದು: ‘ತುರ್ಕಿಯ ಮೌಸರ್ ಒಂದು ಸಿಕ್ಕಿದೆ. ಬೋಲ್ಟಿನ ಮೇಲೆ ಒಂದು ನಂಬರು, ರಿಸೀವರಿನ ಮೇಲೆ ಇನ್ನೊಂದು. ನಳಿಗೆಯೂ ಮೊದಲಿನದಲ್ಲವಂತೆ. ಇದು ಅಸಲಿಯೇ, ತೇಪೆ ಹಾಕಿದ್ದೇ?’ ಮೌಸರ್ ಎಂದರೆ ಜರ್ಮನಿಯ ಅದೇ ಹೆಸರಿನ ಕಾರ್ಖಾನೆಯ ಸೇನಾ ಬಂದೂಕು. ಬೋಲ್ಟ್ ತೋಟಾವನ್ನು ನಳಿಗೆಯೊಳಗೆ ತಳ್ಳಿ ಬಿಗಿಹಿಡಿಯುವ ಅಗುಳಿ, ರಿಸೀವರ್ ನಳಿಗೆ ಮತ್ತು ಬೋಲ್ಟ್ ಎರಡೂ ಕೂರುವ ಚೌಕಟ್ಟು.

ತೇಪೆ ಹಾಕಿದ್ದು ಹೌದು. ಆದರೆ ಹಾಕಿದವರು ತುರ್ಕಿ ಸೇನೆಯವರೇ. ಹಾಗಾಗಿ ಅದು ಅಸಲಿ ಎಂದೇ ನಾನು ಹೇಳುತ್ತೇನೆ.

1887ರಲ್ಲಿ ಒಟ್ಟೋಮನ್ ಸರ್ಕಾರ ಜರ್ಮನಿಯ ಓಬರ್ನ್‌ಡಾರ್ಫ್‌ನಲ್ಲಿದ್ದ ಮೌಸರ್ ಕಾರ್ಖಾನೆಗೆ ಐದು ಲಕ್ಷ ಬಂದೂಕು ಮತ್ತು ಐವತ್ತು ಸಾವಿರ ಕಾರ್ಬೈನ್‌ಗಳ (ಗಿಡ್ಡ ಬಂದೂಕುಗಳ) ಬೇಡಿಕೆ ಕೊಟ್ಟಿತು. ಮುಂದೆ ಇದಕ್ಕಿಂತ ಉತ್ತಮ ಮಾದರಿ ಬಂದರೆ ಅದನ್ನೇ ಕೇಳುವ ಹಕ್ಕು ತಮಗಿರಬೇಕು ಎಂದು ಒಪ್ಪಂದದಲ್ಲಿ ಬರೆಸಿಕೊಂಡಿತು. ಎಂಥ ಮುಂದಾಲೋಚನೆ! ಹೊಗೆಯಿಲ್ಲದ ಮದ್ದು ಬಂದು ಕಪ್ಪು ಮದ್ದಿನ, 9.5 ಮಿ.ಮೀ. ಅಳತೆಯ ತೋಟಾ ಹಾರಿಸುವ ಬಂದೂಕು ಹಳತಾದಾಗ ತುರ್ಕರು ಆ ಹಕ್ಕನ್ನು ಚಲಾಯಿಸಿದರು. ಉಳಿದ ಬಂದೂಕುಗಳು 7.65 ಮಿ.ಮೀ.ನ 1890ರ ಮಾದರಿಯಾಗಿ ಬಂದವು. ಅನಂತರ 1893ರದು, 1903ರದು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯಿಂದ ಬಂದ 7.92 ಮಿ.ಮೀ.ನವು ಬೇರೆ. 1923ರಲ್ಲಿ ಗಣರಾಜ್ಯ ಹುಟ್ಟಿದಾಗ ಅದರ ಉಗ್ರಾಣದಲ್ಲಿ ಒಂದಕ್ಕೆ ಹಾಕುವ ತೋಟಾ ಇನ್ನೊಂದಕ್ಕೆ ಆಗದ ಬಂದೂಕುಗಳ ರಾಶಿಯಿತ್ತು. ಯುದ್ಧಗಳಿಂದ ಬಸವಳಿದ ಬಡ ದೇಶ, ಎಲ್ಲವನ್ನೂ ಎಸೆದು ಹೊಸತು ಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. 1930ರ ದಶಕದಲ್ಲಿ ಅಂಕಾರಾದ ಸೇನಾ ಕಾರ್ಖಾನೆ ಅವುಗಳನ್ನು ಬಿಚ್ಚಿ, 7.92ರ ನಳಿಗೆ ಕೂಡಿಸಿ, ಹೊಸ ಮುದ್ರೆ ಒತ್ತಿತು. ಸಂಗ್ರಾಹಕರು ಇವನ್ನೇ ‘38ರ ಮಾದರಿ’ ಎನ್ನುತ್ತಾರೆ. ಸಾವಿರಗಟ್ಟಲೆ ಬಂದೂಕುಗಳನ್ನು ಹೀಗೆ ಬಿಚ್ಚಿ ಕಟ್ಟುವಾಗ ನಂಬರುಗಳು ಕಲಸಿಹೋಗುವುದು ಸಹಜ. ಎಲ್ಲ ಭಾಗಗಳ ನಂಬರೂ ಒಂದೇ ಇರಬೇಕೆಂದು ಜರ್ಮನ್ ಬಂದೂಕಿಗೆ ಹಾಕುವ ಅಳತೆಗೋಲನ್ನು ಇದಕ್ಕೂ ಹಾಕಿ ಬೆಲೆ ಇಳಿಸುವುದನ್ನು ನಾನು ಒಪ್ಪುವುದಿಲ್ಲ.

ಹಾಗಾದರೆ ಏನು ನೋಡಬೇಕು? ಮೊದಲು ಮುದ್ರೆ. ‘ಆಸ್. ಫಾ. ಅಂಕಾರಾ’ ಎಂದಿದ್ದರೆ ಅಸ್ಕೆರಿ ಫಾಬ್ರಿಕಾ, ಅಂದರೆ ಸೇನಾ ಕಾರ್ಖಾನೆ. ‘ಕೆ. ಕಾಲೆ’ ಎಂದಿದ್ದರೆ ಕಿರಿಕ್ಕಾಲೆ ಎಂಬ ಊರಿನ ಕಾರ್ಖಾನೆ. ಜೊತೆಗೆ ‘ಟಿ.ಸಿ.’ ಎಂಬ ಗಣರಾಜ್ಯದ ಗುರುತು, ಅರ್ಧಚಂದ್ರ, ಇಸವಿ. ಇವೆಲ್ಲ ಲ್ಯಾಟಿನ್ ಲಿಪಿಯಲ್ಲಿವೆ, ಏಕೆಂದರೆ 1928ರಲ್ಲಿ ತುರ್ಕಿ ಲಿಪಿಯನ್ನೇ ಬದಲಿಸಿತು. ಅದಕ್ಕೂ ಹಿಂದಿನ ಗುರುತುಗಳು ಅರಬ್ಬಿ ಲಿಪಿಯವು. ಬೀದರ್, ಕಲಬುರಗಿಯ ಕಡೆ ಉರ್ದು ಕಲಿತವರು ಆ ಅಂಕಿಗಳನ್ನು ಹೆಚ್ಚು ಕಷ್ಟವಿಲ್ಲದೆ ಓದುತ್ತಾರೆ. ಆದರೆ ಓದಿದ ಕೂಡಲೇ ಇಸವಿ ಸಿಕ್ಕಿತು ಎನ್ನುವಂತಿಲ್ಲ. ನಮ್ಮಲ್ಲಿ ಚಾಂದ್ರಮಾನ, ಸೌರಮಾನ ಇರುವಂತೆ ಅಲ್ಲಿಯೂ ಚಾಂದ್ರಮಾನದ ಹಿಜ್ರಿ, ಸೌರಮಾನದ ರೂಮಿ ಎರಡೂ ನಡೆಯುತ್ತಿದ್ದವು. 1311 ಎಂಬುದು ಹಿಜ್ರಿಯಾದರೆ 1893–94, ರೂಮಿಯಾದರೆ 1895–96. ಬಂದೂಕಿನ ಮಾದರಿಯನ್ನೂ ಪಕ್ಕದಲ್ಲಿಟ್ಟುಕೊಂಡೇ ನಿರ್ಧರಿಸಬೇಕು.

ಸುಲ್ತಾನನ ಅಂಕಿತವಾದ ತುಘ್ರಾ ಮುದ್ರೆ ಅಳಿಯದೆ, 7.65ರ ನಳಿಗೆಯೂ ಹಾಗೇ ಉಳಿದು, ನಂಬರುಗಳೂ ಹೊಂದಿದ ಬಂದೂಕು ಕಂಡರೆ ಮಾತ್ರ ಅದು ಅಪರೂಪದ್ದು. ಅಲ್ಲಿ ಹೆಚ್ಚು ಹಣ ಕೊಡುವುದು ನ್ಯಾಯ. ಅಂಕಾರಾದ ಬಂದೂಕುಗಳು 1990ರ ದಶಕದಲ್ಲಿ ಇಲ್ಲಿ ನೂರು ಡಾಲರಿನೊಳಗೆ ಸಿಗುತ್ತಿದ್ದವು, ಕಂದು ಗ್ರೀಸಿನಲ್ಲಿ ಮುಳುಗಿ ತೆಗೆದಂತೆ. ಆ ಗ್ರೀಸನ್ನು ಪೂರ್ತಿ ಒರೆಸದೆ ನಳಿಗೆ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಒರೆಸಿದ ಮೇಲೆ ಬೆಳಕಿಗೆ ಹಿಡಿದು ಸುರುಳಿ ಗೆರೆಗಳನ್ನು ನೋಡಿ, ಮುಖ್ಯವಾಗಿ ನಳಿಗೆಯ ಬಾಯಿಯ ಹತ್ತಿರ. ಹಳೆಯ ತೋಟಾಗಳ ತಳದಲ್ಲಿದ್ದು ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್ ಉಪ್ಪನ್ನು ಉಳಿಸುತ್ತದೆ, ಆ ಉಪ್ಪು ತೇವವನ್ನು ಎಳೆದು ಉಕ್ಕನ್ನು ತಿನ್ನುತ್ತದೆ.

ಬೆಲೆಗೆ ನಂಬರು ಮುಖ್ಯವಲ್ಲ ಎಂದೆ. ಗುಂಡು ಹಾರಿಸುವ ಮಾತು ಬಂದರೆ ಮುಖ್ಯ. ಬೇರೆ ಬಂದೂಕಿನ ಬೋಲ್ಟ್ ಕೂತಿದೆ ಎಂದರೆ ಅದು ತೋಟಾವನ್ನು ಸರಿಯಾದ ಅಂತರದಲ್ಲಿ ಹಿಡಿಯುತ್ತದೆಯೇ ಎಂದು ಬಲ್ಲ ಕುಶಲಕರ್ಮಿ ಅಳೆದು ನೋಡಲೇಬೇಕು. 1893ರ ಬೋಲ್ಟಿಗೆ 1898ರ ಮಾದರಿಯಲ್ಲಿ ಬಂದ ಮೂರನೆಯ ಆಸರೆಯೂ, ಅಂದರೆ ಬೋಲ್ಟನ್ನು ತಡೆದು ಹಿಡಿಯುವ ಹೆಚ್ಚುವರಿ ಗಂಟೂ, ಇಲ್ಲ.

‘ಮೈಸೂರಿನವರಾದ ನಿಮಗೆ ತುರ್ಕಿಯ ಬಂದೂಕಿನ ಹುಚ್ಚೇಕೆ?’ ಎಂದೂ ಕೆಲವರು ಕೇಳುತ್ತಾರೆ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದ ಸವಾರರ ಜೊತೆ ಕುದುರೆಯೇರಿ ನುಗ್ಗಿದ ಮೈಸೂರು ಲ್ಯಾನ್ಸರ್ಸ್ ಎದುರಿಗಿದ್ದದ್ದು ಒಟ್ಟೋಮನ್ ಸೇನೆ, ಆ ಸೇನೆಯ ಬಂದೂಕು ಮೌಸರ್. ಬೆಂಗಳೂರಿನ ಜೆ.ಸಿ. ನಗರದ ಸ್ಮಾರಕದ ಮುಂದೆ ನಿಂತಾಗಲೆಲ್ಲ ನನಗೆ ಮನೆಯ ಕಪಾಟಿನ ಬಂದೂಕಿನ ನೆನಪಾಗುತ್ತದೆ.

ಇನ್ನೊಂದು ಮಾತು, ಇದು ನನ್ನ ಕೈಯಿಂದಲೇ ಆದ ನಷ್ಟ. ಮೊದಲು ಕೊಂಡ ಬಂದೂಕಿನ ಮರ ಎಣ್ಣೆ ಹೀರಿ ಕಪ್ಪಾಗಿತ್ತು. ಚೆಂದ ಕಾಣಲಿ ಎಂದು ಉಪ್ಪುಕಾಗದ ಹಾಕಿ ಉಜ್ಜಿದೆ. ಹಿಡಿಯ ಎಡಬದಿಯಲ್ಲಿ ಬೆರಳಿಗೆ ಮಾತ್ರ ತಿಳಿಯುವಂತಿದ್ದ ಅರ್ಧಚಂದ್ರ ಮಧ್ಯಾಹ್ನದ ಹೊತ್ತಿಗೆ ಪುಡಿಯಾಗಿ ನೆಲದ ಮೇಲಿತ್ತು. ನೀವು ಹತ್ತಿಬಟ್ಟೆಯನ್ನು ಬಿಟ್ಟು ಬೇರೆ ಏನನ್ನೂ ಮರಕ್ಕೆ ತಾಗಿಸಬೇಡಿ.